ಬೆರಳು ಹೋದದ್ದು ಯಾರ ಅಜಾಗ್ರತೆಯಿಂದ?



2023ರ ಮಳೆಗಾಲದಲ್ಲಿ ನಮ್ಮ ಊರಿನ ಕಡೆಯ ಇಪ್ಪತ್ತೈದು ವರ್ಷದ ಒಬ್ಬ ಹುಡುಗನ ಬಲಗೈಯ ಮೂರು ಬೆರಳುಗಳು ಹೋದುವು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಹತ್ತನೆಯ ತರಗತಿ ಪಾಸು ಮಾಡಿದ ಹುಡುಗ. "ಹೋಟೆಲು ಸಾಕು, ಕೈಗೊಂದು ಕಸುಬು ಬೇಕು" ಎಂದು ತಗಡಿನ ವರ್ಕ್‌ಶಾಪಿಗೆ ಸೇರಿದ. ಕೈಗೆ ಕಸುಬು ಬೇಕೆಂದು ಹೋದವನಿಗೆ ಕಸುಬಿಗೆ ಬೇಕಾದ ಕೈಯೇ ಇಲ್ಲದಂತಾಯಿತು.

ಆಸ್ಪತ್ರೆಯಿಂದ ಹೊರಗೆ ಬಂದ ಎರಡನೆಯ ದಿನವೇ ಸೇಟು ಅವನ ಕೈಯಲ್ಲಿ ಇಪ್ಪತ್ತು ಸಾವಿರ ರೂಪಾಯಿ, ಊರಿಗೆ ಒಂದು ರೈಲು ಟಿಕೆಟು ಮತ್ತು ಟೈಪು ಮಾಡಿದ ಒಂದು ಕಾಗದ ಇಟ್ಟರು. "ನನ್ನ ಅಜಾಗ್ರತೆಯಿಂದ ಅಪಘಾತವಾಯಿತು, ಮಾಲಿಕರ ಮೇಲೆ ನನಗೆ ಯಾವ ತಕರಾರೂ ಇಲ್ಲ" ಎಂದು ಅದರಲ್ಲಿ ಬರೆದಿತ್ತು. ಬಲಗೈಗೆ ಬ್ಯಾಂಡೇಜು ಇದ್ದುದರಿಂದ ಹುಡುಗ ಎಡಗೈ ಹೆಬ್ಬೆಟ್ಟು ಒತ್ತಿ ಬಂದ. ರಾತ್ರಿ ಶಾಲೆಯಲ್ಲಿ ಹೆಸರು ಬರೆಯಲು ಕಲಿತವನು ಹೆಬ್ಬೆಟ್ಟಿಗೆ ಹಿಂದಿರುಗಿದ.

ಈ ಲೇಖನವನ್ನು ನಾನು ಬರೆಯುತ್ತಿರುವುದು ಆ ಒಂದು ಶಬ್ದದ ವಿರುದ್ಧ: ಅಜಾಗ್ರತೆ. ಮಾಲಿಕರು ಅದನ್ನು ಹೇಳುವುದು ನನಗೆ ಆಶ್ಚರ್ಯವಲ್ಲ. ನಮ್ಮ ಜನರೇ ಅದನ್ನು ನಂಬಿದ್ದಾರೆ, ಅದೇ ನನ್ನ ಸಂಕಟ. "ಪಾಪ, ಒಳ್ಳೆಯ ಹುಡುಗ, ಸ್ವಲ್ಪ ಜಾಗ್ರತೆ ಮಾಡಬೇಕಿತ್ತು" ಎಂದು ನಮ್ಮ ಸಂಘದ ಮೆಟ್ಟಿಲಿನ ಮೇಲೆಯೇ ನಿಂತು ಹೇಳಿದವರಿದ್ದಾರೆ. ನಾನು ಮಿಲ್ಲಿನಲ್ಲಿ ಆರು ವರ್ಷ ದುಡಿದವನು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಮಿಲ್ಲಿಗೆ ಮರಳಲಾಗದೆ ತಗಡಿನ ಕೆಲಸ ಹಿಡಿದು ಇಪ್ಪತ್ತೇಳು ವರ್ಷ ಬೆಂಡಿಂಗ್ ಮಶೀನಿನ ಮುಂದೆ ನಿಂತವನು. ನನ್ನ ಹತ್ತೂ ಬೆರಳುಗಳು ಇವೆ. ಅದು ನನ್ನ ಜಾಣತನವೆಂದು ನಾನು ಒಂದು ದಿನವೂ ಹೇಳಿಕೊಂಡಿಲ್ಲ.

ಹೋಟೆಲಿನಲ್ಲಿ ದುಡಿಯುವ ತಮ್ಮಂದಿರು ಒಮ್ಮೆ ಅಡಿಗೆಮನೆಯಲ್ಲಿ ಸುತ್ತಲೂ ನೋಡಲಿ. ದೋಸೆಯ ಭಟ್ಟಿಗೆ ಹೊದಿಸಿದ ಸ್ಟೀಲು, ಚಹಾದ ಕೌಂಟರು, ಪಾತ್ರೆ ತೊಳೆಯುವ ತೊಟ್ಟಿ, ಹೊಗೆ ಎಳೆಯಲು ಮೇಲೆ ಕಟ್ಟಿದ ಗೂಡು, ಇವೆಲ್ಲದರ ಅಂಚು ಮಡಚಿರುವುದು ಬೆಂಡಿಂಗ್ ಮಶೀನಿನಲ್ಲಿ. ಪ್ರೆಸ್ ಬ್ರೇಕ್ ಎಂದೂ ಅದಕ್ಕೆ ಹೆಸರು. ಕೆಳಗೆ ವಿ ಆಕಾರದ ತೋಡು ಇರುವ ಉಕ್ಕಿನ ಡೈ. ಮೇಲೆ ಕತ್ತಿಯ ಅಲಗಿನಂತಹ ಪಂಚು. ನಡುವೆ ತಗಡು ಇಟ್ಟು ಕಾಲಿನಿಂದ ಪೆಡಲು ಒತ್ತಿದರೆ ಪಂಚು ಇಳಿದು ತಗಡನ್ನು ತೋಡಿನೊಳಗೆ ಅದುಮುತ್ತದೆ. ತಗಡು ಮಡಚಿಕೊಳ್ಳುತ್ತದೆ.

ಎಷ್ಟು ಬಲದಿಂದ? 2 ಮಿಲಿಮೀಟರ್ ದಪ್ಪದ ಸಾಧಾರಣ ಉಕ್ಕಿನ ತಗಡನ್ನು 16 ಮಿಲಿಮೀಟರ್ ಬಾಯಿಯ ಡೈ ಮೇಲೆ ಒಂದು ಮೀಟರ್ ಉದ್ದ ಮಡಚಲು ಸುಮಾರು 16 ಟನ್ ಒತ್ತಡ ಬೇಕು. ಹೋಟೆಲಿಗೆ ಬೇಕಾದ ಸ್ಟೇನ್‌ಲೆಸ್ ಆದರೆ ಅದರ ಒಂದೂವರೆ ಪಟ್ಟು. ಈ ಬಲದ ಎದುರಿಗೆ ಮನುಷ್ಯನ ಬೆರಳೆಂದರೆ ಬೆಂದ ಬದನೆಕಾಯಿಯ ಹಾಗೆ.

ಎಷ್ಟು ವೇಗದಿಂದ? ಸೆಕೆಂಡಿಗೆ 100 ಮಿಲಿಮೀಟರ್ ಇಳಿಯುವ ಯಂತ್ರವನ್ನು ಲೆಕ್ಕಕ್ಕೆ ಹಿಡಿಯೋಣ. ಅಪಾಯವನ್ನು ಕಣ್ಣು ಕಂಡು, ತಲೆ ತಿಳಿದು, ಕಾಲು ಪೆಡಲನ್ನು ಬಿಡುವಷ್ಟರಲ್ಲಿ ಚುರುಕಾದ ಮನುಷ್ಯನಿಗೂ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಪಂಚು 25 ಮಿಲಿಮೀಟರ್ ಇಳಿದಿರುತ್ತದೆ. ಬೆರಳಿನ ದಪ್ಪ ಅದಕ್ಕಿಂತ ಕಡಿಮೆ. ಅಂದರೆ "ಅಯ್ಯೋ" ಎನ್ನುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಇಲ್ಲಿ ಜಾಗ್ರತೆ ಏನು ಮಾಡೀತು? ಅದೇ ಯಂತ್ರವನ್ನು ತಗಡಿನ ಹತ್ತಿರ ಬಂದಾಗ ಸೆಕೆಂಡಿಗೆ 10 ಮಿಲಿಮೀಟರ್ ಮೀರದಂತೆ ಕಟ್ಟಿಹಾಕಿದರೆ ಕಾಲು ಸೆಕೆಂಡಿನಲ್ಲಿ ಇಳಿಯುವುದು ಎರಡೂವರೆ ಮಿಲಿಮೀಟರ್ ಮಾತ್ರ. ಕೈ ಹಿಂದಕ್ಕೆ ಎಳೆದುಕೊಳ್ಳಲು ಅವಕಾಶ ಸಿಗುತ್ತದೆ. ಮನುಷ್ಯ ಅವನೇ, ಅವನ ಜಾಗ್ರತೆಯೂ ಅಷ್ಟೇ. ಬದಲಾದದ್ದು ಯಂತ್ರ.

ಇನ್ನೊಂದು ಲೆಕ್ಕ ನೋಡಿ. ಒಬ್ಬನು ದಿನಕ್ಕೆ ಐನೂರು ಮಡಿಕೆ ಹಾಕುತ್ತಾನೆ, ವರ್ಷಕ್ಕೆ ಮುನ್ನೂರು ದಿನ ದುಡಿಯುತ್ತಾನೆ ಎಂದಿಟ್ಟುಕೊಳ್ಳಿ. ಒಂದೂವರೆ ಲಕ್ಷ ಸಲ ಅವನ ಕೈ ಪಂಚಿನ ಸಮೀಪಕ್ಕೆ ಹೋಗಿ ಬರುತ್ತದೆ. ಒಂದೂವರೆ ಲಕ್ಷದಲ್ಲಿ ಒಂದು ಸಲವೂ ಕಣ್ಣು ತಪ್ಪಬಾರದು, ಮನಸ್ಸು ಊರಿಗೆ ಹೋಗಬಾರದು, ನಿದ್ದೆ ತೂಗಬಾರದು ಎಂದರೆ ಅವನು ಕಾರ್ಮಿಕನಲ್ಲ, ದೇವರು. ಗಲ್ಲದ ಮೇಲೆ ಕೂತ ಧಣಿಗಳೂ ದಿನಕ್ಕೊಮ್ಮೆ ಚಿಲ್ಲರೆಯ ಲೆಕ್ಕ ತಪ್ಪುತ್ತಾರೆ. ಅದಕ್ಕಾಗಿ ಅವರ ಬೆರಳು ಹೋಗುವುದಿಲ್ಲ. ಮನುಷ್ಯನು ತಪ್ಪಿಯೇ ತಪ್ಪುತ್ತಾನೆಂದು ತಿಳಿದು, ತಪ್ಪಿದರೂ ಕೈ ಉಳಿಯುವಂತೆ ಯಂತ್ರವನ್ನು ಕಟ್ಟುವುದಕ್ಕೇ ರಕ್ಷಣೆ ಎಂದು ಹೆಸರು.

ಈಗ ನಮ್ಮ ಹುಡುಗನ ಕಥೆಗೆ ಬರುತ್ತೇನೆ. ಆ ಯಂತ್ರದ ಮುಂದೆ ಬೆಳಕಿನ ಪರದೆ ಇತ್ತು. ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು ಅವು. ಕೈ ಅಡ್ಡ ಬಂದರೆ ಯಂತ್ರ ನಿಲ್ಲುತ್ತದೆ. ಆದರೆ ಪೆಟ್ಟಿಗೆಯ ಆಕಾರಕ್ಕೆ ಮಡಚುವಾಗ ತಗಡಿನ ಎದ್ದ ಅಂಚೇ ಆ ಗೆರೆಗೆ ಅಡ್ಡ ಬಂದು ಯಂತ್ರ ಪದೇ ಪದೇ ನಿಲ್ಲುತ್ತಿತ್ತು. ಅಂಥ ಕೆಲಸಕ್ಕೆ ತಕ್ಕ ಬೇರೆ ರಕ್ಷಣೆ ಉಂಟು. ಪಂಚಿನ ತುದಿಯ ಜೊತೆಗೇ ಇಳಿಯುವ ಲೇಸರ್ ಕಾವಲು ಉಂಟು, ನಿಧಾನ ವೇಗ ಉಂಟು. ಫೋರ್‌ಮನ್ನನು ಅದನ್ನು ಕೇಳಲಿಲ್ಲ. ಚಾವಿ ತಿರುಗಿಸಿ ಪರದೆಯನ್ನೇ ಬಂದು ಮಾಡಿದನು. ಚಾವಿ ಯಂತ್ರದಲ್ಲಿಯೇ ಎಂಟು ತಿಂಗಳು ನೇತಾಡಿತು.

ಆ ದಿನ ಒಂದು ಹೊಸ ಹೋಟೆಲಿನ ಕೌಂಟರುಗಳನ್ನು ಮುಗಿಸಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ಆರಂಭದ ಮುಹೂರ್ತ. ಬೆಳಿಗ್ಗೆ ಎಂಟಕ್ಕೆ ನಿಂತವರು ರಾತ್ರಿ ಒಂಬತ್ತಾದರೂ ನಿಂತೇ ಇದ್ದರು. ಎಂಟಡಿ ನಾಲ್ಕಡಿಯ 2 ಮಿಲಿಮೀಟರ್ ತಗಡು 47 ಕಿಲೋ ತೂಗುತ್ತದೆ. ಒಬ್ಬನಿಂದ ಹಿಡಿಯಲಾಗದು. ಒಂದು ತುದಿಯಲ್ಲಿ ಆಪರೇಟರ್, ಅವನ ಕಾಲಡಿಗೆ ಪೆಡಲು. ಇನ್ನೊಂದು ತುದಿಯಲ್ಲಿ ಹೆಲ್ಪರ್ ನಮ್ಮ ಹುಡುಗ, ಅವನ ಬಳಿ ಪೆಡಲೂ ಇಲ್ಲ, ನಿಲ್ಲಿಸುವ ಗುಂಡಿಯೂ ಇಲ್ಲ. ತಗಡು ಹಿಂದಿನ ಅಳತೆಯ ಪಟ್ಟಿಗೆ ಸರಿಯಾಗಿ ತಾಗಿರಲಿಲ್ಲ. ಸರಿಪಡಿಸಲು ಹುಡುಗ ಕೈ ಒಳಗೆ ಹಾಕಿದ. "ತಡಿ ಅಣ್ಣಾ" ಎಂದು ಕೂಗಿದೆನೆನ್ನುತ್ತಾನೆ. ಪಕ್ಕದಲ್ಲಿ ಗ್ರೈಂಡಿಂಗ್ ನಡೆಯುತ್ತಿತ್ತು. ಅಣ್ಣನಿಗೆ ಕೇಳಿಸಲಿಲ್ಲ. ಪೆಡಲು ಒತ್ತಿದ ಆ ಅಣ್ಣನೂ ನಮ್ಮವನೇ. ಇಂದಿಗೂ ಅವನು ಆ ಯಂತ್ರದ ಹತ್ತಿರ ಹೋಗುವುದಿಲ್ಲ.

ಹೇಳಿ ಬಂಧುಗಳೇ, ಅಜಾಗ್ರತೆ ಯಾರದು? ಪರದೆ ಬಂದು ಮಾಡಿಸಿದವರದೋ? ಹದಿಮೂರು ತಾಸು ನಿಲ್ಲಿಸಿದವರದೋ? ಇಬ್ಬರು ದುಡಿಯುವ ಯಂತ್ರಕ್ಕೆ ಒಂದೇ ಪೆಡಲು ಕೊಟ್ಟವರದೋ? ಕಾಗದದಲ್ಲಿ ಮಾತ್ರ ಒಬ್ಬನ ಹೆಸರೇ ಇದೆ, ಬೆರಳಿಲ್ಲದವನದು.

ಮಾಲಿಕರ ಕಡೆಯ ಮಾತನ್ನೂ ಕೇಳೋಣ. "ಗಾರ್ಡು ಹಾಕಿದರೆ ಕೆಲಸ ನಿಧಾನವಾಗುತ್ತದೆ" ಎನ್ನುತ್ತಾರೆ. ಹೌದು, ಕೆಲವು ಕೆಲಸ ನಿಧಾನವಾಗುತ್ತದೆ. ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ ಉಳಿದ ನಿಮಿಷಗಳ ಲಾಭ ಸೇಟಿನ ಜೇಬಿಗೆ, ನಷ್ಟ ಹುಡುಗನ ಕೈಗೆ, ಇದು ಯಾವ ವ್ಯಾಪಾರದ ನ್ಯಾಯ? "ದುಬಾರಿ" ಎನ್ನುತ್ತಾರೆ. ಪೆಡಲಿನ ಮೇಲೆ ಒಂದು ಮುಚ್ಚಿಗೆ ಹಾಕಲು ಎಷ್ಟು ಖರ್ಚು? ತಗಡಿನ ವರ್ಕ್‌ಶಾಪಿನಲ್ಲಿ ತಗಡಿಗೆ ಬರಗಾಲವೇ? ಹೆಲ್ಪರನ ಬದಿಗೊಂದು ಕೆಂಪು ಗುಂಡಿ ಕೂರಿಸಲು ಎಷ್ಟು? ಚಾವಿಯನ್ನು ಯಂತ್ರದಿಂದ ತೆಗೆದು ಮೇಜಿನ ಖಾನೆಯಲ್ಲಿಡಲು ಎಷ್ಟು? ಒಂದು ಕಾಸೂ ಬೇಡ.

ನಮ್ಮವರಿಗೂ ಎರಡು ಮಾತು ಕಟುವಾಗಿಯೇ ಹೇಳಬೇಕು. "ಇಪ್ಪತ್ತು ವರ್ಷದಿಂದ ಗಾರ್ಡಿಲ್ಲದೆ ಮಾಡಿದ್ದೇನೆ, ನನಗೇನಾಗಿದೆ?" ಎಂದು ಎದೆ ತಟ್ಟುವ ಹಳೆಯ ಆಪರೇಟರುಗಳು ನಮ್ಮಲ್ಲಿದ್ದಾರೆ. ಮಿಲ್ಲಿನ ಹಿರಿಯರನ್ನು ಕೇಳಿ. ಮಗ್ಗದಿಂದ ಲಾಳಿ ಹಾರಿ ಪಕ್ಕದವನ ಕಣ್ಣಿಗೆ ಬಡಿಯುವ ಹಿಂದಿನ ದಿನದವರೆಗೆ ಯಾರಿಗೂ ಏನೂ ಆಗಿರುವುದಿಲ್ಲ. ನಿಮ್ಮ ಧೈರ್ಯವನ್ನು ನೋಡಿ ಕಲಿಯುವವನು ನಿನ್ನೆ ಬಂದ ಹೆಲ್ಪರ್ ಹುಡುಗ. ನಿಮ್ಮ ಅದೃಷ್ಟ ಅವನಿಗೆ ಬರುವುದಿಲ್ಲ.

ಆದುದರಿಂದ ಯಂತ್ರದ ಮುಂದೆ ನಿಲ್ಲುವ ಪ್ರತಿಯೊಬ್ಬನೂ ಇಷ್ಟನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಒಂದು: ಕೆಲಸ ಆರಂಭಿಸುವ ಮೊದಲು ಬರಿಯ ಯಂತ್ರವನ್ನು ಓಡಿಸಿ, ಕೆಂಪು ಗುಂಡಿ, ಪೆಡಲು, ಪರದೆ ಮೂರನ್ನೂ ಪರೀಕ್ಷಿಸಬೇಕು. ಪರದೆಯನ್ನು ಪರೀಕ್ಷಿಸುವುದು ಮರದ ಕೋಲಿನಿಂದ, ಕೈಯಿಂದಲ್ಲ. ಒಂದು ಕೆಟ್ಟಿದ್ದರೂ ಆ ದಿನ ಆ ಯಂತ್ರ ಓಡಬಾರದು.

ಎರಡು: ಪ್ರತಿ ಮಡಿಕೆಯ ನಂತರ ಕಾಲು ಪೆಡಲಿನಿಂದ ಕೆಳಗೆ ಬರಬೇಕು. ಪೆಡಲಿನ ಮೇಲೆಯೇ ಕಾಲು ಇಟ್ಟುಕೊಂಡು ತಗಡು ಸರಿಸುವುದು ಅತಿ ಕೆಟ್ಟ ಚಾಳಿ. ಪೆಡಲಿಗೆ ಮೇಲಿನಿಂದಲೂ ಬದಿಯಿಂದಲೂ ಮುಚ್ಚಿಗೆ ಇರಬೇಕು. ಬಿದ್ದ ತುಂಡೊಂದು ಅದರ ಮೇಲೆ ಬಿದ್ದರೂ ಯಂತ್ರ ಇಳಿಯಬಾರದು.

ಮೂರು: ಇಬ್ಬರು ಹಿಡಿದ ಕೆಲಸಕ್ಕೆ ಇಬ್ಬರ ಬಳಿಯೂ ಪೆಡಲೋ ಗುಂಡಿಯೋ ಇರಬೇಕು. ಇಬ್ಬರೂ ಒತ್ತಿದರೆ ಮಾತ್ರ ಯಂತ್ರ ಇಳಿಯಬೇಕು. ಬಾಯಿಮಾತಿನ ಕೂಗನ್ನು ನಂಬಬಾರದು.

ನಾಲ್ಕು: ಸಣ್ಣ ತುಂಡನ್ನು ಬೆರಳಿನಿಂದ ಹಿಡಿದು ಡೈ ಹತ್ತಿರ ಒಯ್ಯಬಾರದು. ಇಕ್ಕಳ ಇದೆ, ಅಯಸ್ಕಾಂತದ ಹಿಡಿಕೆ ಇದೆ. ದೊಡ್ಡ ತಗಡು ಮಡಚುವಾಗ ಅದರ ಮುಂದಿನ ಭಾಗ ಮೇಲೆ ಚಿಮ್ಮುತ್ತದೆ. ಮುಖ ಬಗ್ಗಿಸಿ ನಿಲ್ಲಬಾರದು, ತಗಡಿಗೂ ಮೇಲಿನ ಯಂತ್ರಕ್ಕೂ ನಡುವೆ ಕೈ ಸಿಕ್ಕದಂತೆ ಹಿಡಿಯಬೇಕು. ಯಂತ್ರದ ಹಿಂಬದಿಗೆ ಬೇಲಿ ಇರಬೇಕು. ಹಿಂದಿನಿಂದ ಕೈ ಹಾಕಿ ತುಂಡು ಹಿಡಿಯುವುದು ಎಂದೆಂದಿಗೂ ಕೂಡದು.

ಐದು: ತಗಡಿನ ದಪ್ಪದ ಸುಮಾರು ಎಂಟು ಪಟ್ಟು ಅಗಲದ ಬಾಯಿಯ ಡೈ ಬೇಕು. ಬದಲಿಸಲು ಬೇಸರಪಟ್ಟು ಸಣ್ಣ ಬಾಯಿಯ ಡೈ ಮೇಲೆ ದಪ್ಪ ತಗಡು ಇಟ್ಟರೆ ಒತ್ತಡ ಏರಿ ಡೈ ಸಿಡಿಯಬಹುದು. ಉಕ್ಕಿನ ಚೂರು ಹಾರಿದರೆ ಅದು ಗುಂಡಿಗಿಂತ ಕಡಿಮೆಯಲ್ಲ.

ಆರು: ಡೈ ಬದಲಿಸುವಾಗ ಮುಖ್ಯ ಸ್ವಿಚ್ಚು ಬಂದು ಮಾಡಿ, ಬೀಗ ಹಾಕಿ, ಬೀಗದ ಕೈಯನ್ನು ಬದಲಿಸುವವನೇ ತನ್ನ ಜೇಬಿನಲ್ಲಿಡಬೇಕು. ಹೈಡ್ರಾಲಿಕ್ ಯಂತ್ರದ ಮೇಲಿನ ಭಾಗ ಎಣ್ಣೆಯ ಒತ್ತಡ ಇಳಿದರೆ ತಾನಾಗಿ ಕೆಳಗೆ ಬರಬಹುದು. ಗಟ್ಟಿಯಾದ ಊರೆ ಕೊಡದೆ ಅದರ ಕೆಳಗೆ ಕೈ ಹಾಕಬಾರದು.

ಏಳು: ಹಳೆಯ ಫ್ಲೈವೀಲಿನ ಯಂತ್ರ ಇನ್ನೂ ಎಷ್ಟೋ ಗಾಳಾಗಳಲ್ಲಿದೆ. ಒಮ್ಮೆ ಕ್ಲಚ್ಚು ಕಚ್ಚಿತೆಂದರೆ ಪೂರ್ತಿ ಒಂದು ಸುತ್ತು ಮುಗಿಯದೆ ನಿಲ್ಲದ ಯಂತ್ರಗಳು ಅವುಗಳಲ್ಲಿವೆ. ಅಂಥದಕ್ಕೆ ಬೆಳಕಿನ ಪರದೆ ಹಚ್ಚಿ "ರಕ್ಷಣೆ ಇದೆ" ಎನ್ನುವುದು ಶುದ್ಧ ಮೋಸ. ನಿಲ್ಲಲಾಗದ ಯಂತ್ರಕ್ಕೆ ನಿಲ್ಲು ಎಂದರೇನು ಫಲ? ಅದಕ್ಕೆ ಕೈಯೇ ಹೋಗದಂತಹ ಗಟ್ಟಿ ಬೇಲಿ ಬೇಕು.

ಈ ಏಳರಲ್ಲಿ ಪರೀಕ್ಷೆ ಮಾಡುವುದು, ಕಾಲು ತೆಗೆಯುವುದು, ಇಕ್ಕಳ ಹಿಡಿಯುವುದು ನಮ್ಮ ಪಾಲು. ಮುಚ್ಚಿಗೆ, ಎರಡನೆಯ ಪೆಡಲು, ಬೇಲಿ, ಬೀಗ, ಸರಿಯಾದ ಡೈ, ಕಲಿಸಿಕೊಡುವುದು, ಸಕಾಲದಲ್ಲಿ ಮನೆಗೆ ಕಳಿಸುವುದು ಮಾಲಿಕರ ಪಾಲು. ಅವರ ಪಾಲನ್ನು ಅವರು ಮಾಡದೆ ನಮ್ಮ ಪಾಲಿನ ಲೆಕ್ಕ ಕೇಳುವ ಹಕ್ಕು ಅವರಿಗಿಲ್ಲ.

ಕಾನೂನು ಏನು ಹೇಳುತ್ತದೆ? 1948ರ ಫ್ಯಾಕ್ಟರಿ ಕಾಯ್ದೆಯ 21ನೆಯ ಕಲಮು, ಯಂತ್ರದ ಅಪಾಯದ ಭಾಗಕ್ಕೆ ಭದ್ರವಾದ ಕಾವಲಿರಬೇಕು, ಯಂತ್ರ ಓಡುವಾಗ ಆ ಕಾವಲು ಇದ್ದಲ್ಲಿಯೇ ಇರಬೇಕು ಎಂದಿತ್ತು. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿತು. ಹೊಸ ಸಂಹಿತೆಯಲ್ಲಿಯೂ ಒಂದು ಒಳ್ಳೆಯ ಮಾತಿದೆ. ತಕ್ಷಣದ ಗಂಭೀರ ಅಪಾಯವಿದೆಯೆಂದು ಕಾರ್ಮಿಕನಿಗೆ ನ್ಯಾಯವಾಗಿ ಭಯವಾದರೆ ಅದನ್ನು ಮಾಲಿಕರಿಗೂ ಸರ್ಕಾರದ ಇನ್‌ಸ್ಪೆಕ್ಟರರಿಗೂ ಒಟ್ಟಿಗೇ ತಿಳಿಸುವ ಹಕ್ಕು ಅವನಿಗಿದೆ. ಆದರೆ ಮೂಲ ಕಾಯ್ದೆಯಲ್ಲಿ ವಿದ್ಯುತ್ತಿನಿಂದ ನಡೆಯುವ ಕಡೆ 10 ಜನ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಹೊಸದರಲ್ಲಿ 20 ಜನ ಬೇಕು. 10 ಜನರಿರುವ ಸಂಸ್ಥೆಗೆ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಸಾಕಿನಾಕಾ, ಕುರ್ಲಾ, ವಸಯಿಯ ಗಾಳಾಗಳಲ್ಲಿ ಆರು ಜನ, ಎಂಟು ಜನ ದುಡಿಯುತ್ತಾರೆ. ಹದಿನಾರು ಜನರಿದ್ದರೆ ನಡುವೆ ಒಂದು ಗೋಡೆ ಎಬ್ಬಿಸಿ, ಹೆಂಡತಿಯ ಹೆಸರಿನಲ್ಲೊಂದು ಬೋರ್ಡು ಹಾಕಿ, ಎಂಟೆಂಟು ಮಾಡುವ ಜಾಣರೂ ಇದ್ದಾರೆ. ಪಂಚಿಗೆ ಹಾಜರಿ ಪುಸ್ತಕ ಓದಲು ಬರುವುದಿಲ್ಲ. ಎಂಟು ಜನರ ಗಾಳಾದಲ್ಲಿಯೂ ಅದು 16 ಟನ್ನಿನಿಂದಲೇ ಇಳಿಯುತ್ತದೆ. ಕಾವಲಿನ ಕಾನೂನಿಗೆ ತಲೆಯೆಣಿಕೆ ಏಕೆ? ಯಂತ್ರವನ್ನು ಎಣಿಸಿ, ತಲೆಯನ್ನಲ್ಲ! ಒಂದು ಬೆಂಡಿಂಗ್ ಮಶೀನು ಇದ್ದರೆ ಕಾವಲು ಇರಲೇಬೇಕು, ಒಬ್ಬನೇ ದುಡಿಯುತ್ತಿದ್ದರೂ ಸರಿ. ಇದು ನಮ್ಮ ಮೊದಲನೆಯ ಬೇಡಿಕೆ.

ಪರಿಹಾರದ ಮಾತು. ನಮ್ಮ ಹುಡುಗ ದುಡಿಯುತ್ತಿದ್ದಲ್ಲಿ ಎಂಟೇ ಜನ, ಇ.ಎಸ್.ಐ. ಇರಲಿಲ್ಲ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ನಮ್ಮ ಕೈಗೆ ಬೆಲೆ ಕಟ್ಟಿದ್ದರು. ದುಡಿಯುವ ಶಕ್ತಿಯ ನಷ್ಟ ನೂರಕ್ಕೆ ಇಷ್ಟು ಎಂದು: ಹೆಬ್ಬೆರಳಿಗೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ್ದೋ ಕಿರಿಯದೋ ಆದರೆ 7. ಒಂದೇ ಕೈಯ ಮೂರು ಬೆರಳಿಗೆ 30, ನಾಲ್ಕಕ್ಕೆ 50. ಲೆಕ್ಕಕ್ಕೆ ಹಿಡಿಯುವ ಗರಿಷ್ಠ ತಿಂಗಳ ಸಂಬಳ 2020ರಿಂದ 15,000 ರೂಪಾಯಿ. ಅದರಲ್ಲಿ ನೂರಕ್ಕೆ 60 ಎಂದರೆ 9,000. 25 ವರ್ಷ ತುಂಬಿದವನಿಗೆ ಕಾಯ್ದೆಯ ಗುಣಕ 216.91. ಗುಣಿಸಿದರೆ 19,52,190. ಅದರಲ್ಲಿ ನೂರಕ್ಕೆ 30 ಎಂದರೆ 5,85,657 ರೂಪಾಯಿ. ಸೇಟು ಕೊಟ್ಟದ್ದು ಇಪ್ಪತ್ತು ಸಾವಿರ ಮತ್ತು ಒಂದು ಟಿಕೆಟು! "ಆಸ್ಪತ್ರೆಯ ಖರ್ಚನ್ನೂ ಕೊಟ್ಟೆನಲ್ಲ" ಎಂದರು. ಅದು ದಾನವಾಗಿರಲಿಲ್ಲ. 2009ರ ತಿದ್ದುಪಡಿಯ ನಂತರ ಆ ಖರ್ಚೂ ಕಾಯ್ದೆಯ ಪ್ರಕಾರವೇ ಸಲ್ಲಬೇಕಾದದ್ದು.

ಹೆಬ್ಬೆಟ್ಟು ಒತ್ತಿದ ಆ ಕಾಗದ? ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ನಡೆಯದು ಎಂದು ಅದೇ ಕಾಯ್ದೆಯ 17ನೆಯ ಕಲಮು ಹೇಳಿತ್ತು. ನಾವು ಹುಡುಗನನ್ನು ಊರಿನಿಂದ ಕರೆಸಿ ಕಮಿಷನರರ ಮುಂದೆ ಅರ್ಜಿ ಹಾಕಿಸಿದೆವು. ಸೇಟಿನ ವಕೀಲರು ಒಂದು ವಾದ ಹೂಡಿದರು. ಕಾರ್ಮಿಕನು ಬೇಕೆಂದೇ ರಕ್ಷಣೆಯ ಸಾಧನವನ್ನು ತೆಗೆದಿದ್ದರೆ ಪರಿಹಾರ ಕೊಡಬೇಕಿಲ್ಲ ಎಂಬ ಮಾತು ಆ ಕಾಯ್ದೆಯಲ್ಲಿತ್ತು. ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆದರೆ ಮಾತ್ರ ಆ ವಾದ ನಡೆಯದು. ಬಂಧುಗಳೇ, "ಅಜಾಗ್ರತೆ" ಎಂಬ ಶಬ್ದದ ಕೊಕ್ಕೆ ಇಲ್ಲಿದೆ. ತೆಗೆಸುವವನು ಫೋರ್‌ಮನ್, ತೆಗೆದವನೆಂದು ಹೆಸರಾಗುವವನು ನೀವು. ಪೆಡಲು ಒತ್ತಿದ ಅಣ್ಣ ಬಂದು, ಚಾವಿ ತಿರುಗಿಸಿದವರು ಯಾರೆಂದು ಹೆದರದೆ ಸಾಕ್ಷಿ ಹೇಳಿದ. ಹದಿನಾಲ್ಕು ತಿಂಗಳ ನಂತರ ಹಣ ಬಂದಿತು. ಬೆರಳು ಬರಲಿಲ್ಲ.

ಆದುದರಿಂದ ಗಾರ್ಡು ತೆಗೆ ಎಂದು ಯಾರಾದರೂ ಹೇಳಿದರೆ, "ಬರೆದು ಕೊಡಿ" ಎನ್ನಿ. ಬರೆದು ಕೊಡುವ ಫೋರ್‌ಮನ್ನನನ್ನು ನಾನು ಇನ್ನೂ ಕಂಡಿಲ್ಲ. ಕೊಡದಿದ್ದರೆ ಅದೇ ದಿನ ಮೊಬೈಲಿನಲ್ಲಿ ಯಂತ್ರದ ಚಿತ್ರ ತೆಗೆದು ಸಂಘಕ್ಕೆ ಕಳಿಸಿ. ಪೆಟ್ಟಾದವನು ಯಾವ ಕಾಗದಕ್ಕೂ ರುಜು ಹಾಕದೆ ಮೊದಲು ಸಂಘಕ್ಕೆ ಬರಲಿ.

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಆ ವರ್ಕ್‌ಶಾಪಿನ ಸೇಟು ಪರಭಾಷೆಯವರಲ್ಲ. ಕೌಂಟರು ಮಾಡಿಸಿದ ಹೋಟೆಲಿನ ಧಣಿಗಳೂ ನಮ್ಮವರೇ. ನಮ್ಮ ವಾರ್ಷಿಕೋತ್ಸವದ ಯಕ್ಷಗಾನಕ್ಕೆ ಚಂದಾ ಕೊಡುವವರು, ಮುಂದಿನ ಸಾಲಿನಲ್ಲಿ ಕೂರುವವರು. "ನಮ್ಮೂರಿನವರ ಮೇಲೆಯೇ ದೂರು ಕೊಡುವುದೇ?" ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೇ: ಕನ್ನಡದವನೆಂದು ಡೈ ಬೆರಳನ್ನು ಬಿಡಲಿಲ್ಲ, ಊರಿನವನೆಂದು ಸೇಟು ಲೆಕ್ಕವನ್ನು ಬಿಡಲಿಲ್ಲ, ನಾವೊಬ್ಬರೇ ಏಕೆ ಬಿಡಬೇಕು? ಊರಿನ ಪ್ರೀತಿ ಇದ್ದರೆ ಧಣಿಗಳು ಚಂದಾದ ಪುಸ್ತಕದಲ್ಲಿ ಮಾತ್ರವಲ್ಲ, ಪೆಡಲಿನ ಮೇಲಿನ ಮುಚ್ಚಿಗೆಯಲ್ಲಿಯೂ ತೋರಿಸಲಿ. ಹೋಟೆಲಿನ ಧಣಿಗಳು ಕೌಂಟರಿಗೆ ಆರ್ಡರು ಕೊಡುವಾಗ ಒಂದು ಮಾತು ಕೇಳಲಿ: "ನಿಮ್ಮ ಮಶೀನಿಗೆ ಗಾರ್ಡು ಇದೆಯೇ?" ಮುಹೂರ್ತವನ್ನು ಎರಡು ದಿನ ಮುಂದಕ್ಕೆ ಹಾಕಿದರೆ ಗ್ರಹಗಳು ಮುನಿಯುವುದಿಲ್ಲ.

ಸಂಘದ ಮುಂದಿನ ಮಹಾಸಭೆಯಲ್ಲಿ ನಾನು ಒಂದು ಠರಾವು ತರುತ್ತೇನೆ. ನಮ್ಮ ಸದಸ್ಯರು ದುಡಿಯುವ ಪ್ರತಿಯೊಂದು ತಗಡಿನ ವರ್ಕ್‌ಶಾಪಿನ ಪಟ್ಟಿ ತಯಾರಾಗಬೇಕು. ಪ್ರತಿ ಯಂತ್ರಕ್ಕೂ ಕಾವಲು ಇದೆಯೋ ಇಲ್ಲವೋ ಎಂದು ಬರೆಯಬೇಕು. ಇಲ್ಲದ ಮಾಲಿಕರಿಂದ, ಅವರು ಎಷ್ಟೇ ದೊಡ್ಡವರಿರಲಿ, ಸಂಘವು ಚಂದಾ ತೆಗೆದುಕೊಳ್ಳಬಾರದು. ಆ ಹುಡುಗ ಈಗ ಒಂದು ಗೋದಾಮಿನಲ್ಲಿ ಕಾವಲುಗಾರನಾಗಿದ್ದಾನೆ. ಸಭೆಗೆ ಬರುತ್ತೇನೆಂದಿದ್ದಾನೆ. ಠರಾವಿನ ಪರವಾಗಿ ಕೈ ಎತ್ತಿ ಎಂದು ಅಧ್ಯಕ್ಷರು ಕೇಳಿದಾಗ ಅವನು ಎತ್ತುವುದು ಆ ಬಲಗೈಯನ್ನೇ. ಅದನ್ನು ನೋಡಿಯೂ ಕೈ ಕೆಳಗಿಟ್ಟು ಕೂರುವವರು ಯಾರೆಂದು ನಾವು ನೋಡೋಣ.